ಮೆಣಸಿನಕಾಯಿ ಘಾಟು ಮತ್ತು ವಕೀಲರ ಕುರ್ಚಿ

ಕ್ರಿಮಿನಲ್ ಕೋರ್ಟಿನಲ್ಲಿ ಕರಿಕೋಟು ಸವೆಸಿದವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ಅದು ಸಮನ್ಸ್ ಇಲ್ಲದೆಯೇ ಬಂದು ಹಾಜರಾಗುತ್ತದೆ. ಕೊಲೆ ಕೇಸಿನಲ್ಲಿ ಬರುತ್ತದೆ, ಲಂಚದ ಕೇಸಿನಲ್ಲಿ ಬರುತ್ತದೆ, ಎಮ್ಮೆ ಕಳವಿನ ಕೇಸಿನಲ್ಲಂತೂ ಫಿರ್ಯಾದಿಗಿಂತ ಮೊದಲೇ ಬಂದು ಕೂತಿರುತ್ತದೆ. ನಾನು ಬೆಳಗಾವಿಯಲ್ಲಿ ವಕೀಲಿಕೆ ಸುರು ಮಾಡಿದ್ದು ಎಪ್ಪತ್ತರ ದಶಕದಲ್ಲಿ. ಅಲ್ಲಿಂದ ಎಂಬತ್ತರ ನಡುವಿನವರೆಗೆ ಕಂಡದ್ದರಲ್ಲಿ ಕೆಲವನ್ನು ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ಪ್ರಮಾಣ ಮಾಡಿ ಹೇಳು ಅಂದರೆ ಅದಕ್ಕೂ ತಯಾರಿದ್ದೇನೆ.

ಬೆಂಚಿನ ಮೇಲಿನ ಆರೋಪಿ

ನನ್ನ ಹಿರಿಯ ವಕೀಲರನ್ನು ಇಡೀ ಜಿಲ್ಲೆ ‘ಸಾಹೇಬರು’ ಎಂದೇ ಕರೆಯುತ್ತಿತ್ತು. ಹೆಸರು ಹೇಳುವ ಅಗತ್ಯವೇ ಬೀಳುತ್ತಿರಲಿಲ್ಲ. ಕೊಲೆ, ದರೋಡೆ, ಹೊಡೆದಾಟ ಏನೇ ಇರಲಿ, ಆರೋಪಿ ಮೊದಲು ಕೇಳುತ್ತಿದ್ದದ್ದು ‘ಸಾಹೇಬ್ರು ಊರಾಗ ಅದಾರೇನ್ರಿ?’ ಎಂದು. ಬೆಂಗಳೂರಿನಿಂದ ಯಾವುದಾದರೂ ಸರ್ಕಾರಿ ಅಧಿಕಾರಿಯ ಮೇಲೆ ತನಿಖೆ ಬಂತೆಂದರೆ, ಆತ ಮನೆದೇವರಿಗೆ ಕೈ ಮುಗಿದು ನೇರ ನಮ್ಮ ಮೆಟ್ಟಿಲು ಹತ್ತುತ್ತಿದ್ದ. ಕೆಲವರು ಮನೆದೇವರನ್ನು ವಾಪಸ್ ಹೋಗುವಾಗ ನೋಡಿದರಾಯಿತು ಎಂದು ಬಿಟ್ಟು ಬರುತ್ತಿದ್ದರು.

ರವಿವಾರ ಪೇಟೆಯ ಆ ಮಹಡಿಯ ಆಫೀಸಿನಲ್ಲಿ ಸಾಹೇಬರ ಬಲಕ್ಕೆ ತೋಳಿರುವ ಒಂದು ಸಾಗವಾನಿ ಕುರ್ಚಿ ಇತ್ತು. ಅದು ಖಾಲಿ. ಜೂನಿಯರ್ ಆದವನು ಗೋಡೆಗೆ ಹತ್ತಿದ ಬೆಂಚಿನ ಮೇಲೆ ಕಕ್ಷಿದಾರರ ಜೊತೆ ಕೂರಬೇಕು. ನಾನು ಸೇರಿದ ದಿನವೇ ಸಾಹೇಬರು ಕರಾರು ಹೇಳಿದ್ದರು: “ತಮ್ಮಾ, ನಾ ಬಾಯಿ ತೆಗೀದಂಗ ನೀ ಒಬ್ಬನ ಒಂದು ಕೇಸ್ ಗೆದ್ದ ದಿವಸ ಈ ಕುರ್ಚಿ ನಿಂದು. ಅಲ್ಲೀ ತನಕ ಬೆಂಚ್ ಬೆಚ್ಚಗ ಇಡು.” ನನಗಿಂತ ಮೊದಲಿನವರು ಆ ಕುರ್ಚಿಯಲ್ಲಿ ಕೂತು ದೊಡ್ಡ ವಕೀಲರಾಗಿದ್ದರು. ನನ್ನ ಮೇಲೆ ನನಗೆ ಭರವಸೆ ಇತ್ತು. ಬೆಂಚಿಗೆ ಮಾತ್ರ ಅದು ಗೊತ್ತಿರಲಿಲ್ಲ.

ಒಂದು ದಿನ ಬಾಜು ಕೂತ ಕಕ್ಷಿದಾರನೊಬ್ಬ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ:

“ನಿಮ್ಮದ ಯಾವ ಕೇಸ್‌ರೀ? ಕಳವೋ, ಹೊಡದಾಟೋ?”

“ನಾನು ವಕೀಲ,” ಎಂದೆ, ಕೊಂಚ ಬಿಗಿಯಾಗಿ.

ಆತ ಕನಿಕರದಿಂದ ನನ್ನ ತೊಡೆ ತಟ್ಟಿದ.

“ಇರಲಿ ಬಿಡ್ರಿ, ಚಿಂತಿ ಮಾಡಬ್ಯಾಡ್ರಿ. ಸಾಹೇಬ್ರು ಅದರಾಗಿಂದನೂ ಬಿಡಸ್ತಾರ.”

ಅತ್ತು ಹೋದ ಅಧಿಕಾರಿ

ನಮ್ಮ ಆಫೀಸಿನ ಕೆಳಗೆ ಒಣ ಮೆಣಸಿನಕಾಯಿಯ ಸಗಟು ಅಂಗಡಿ. ಲಾರಿಯಿಂದ ಚೀಲ ಇಳಿಸಿದರೆಂದರೆ ಘಾಟು ಮೆಟ್ಟಿಲು ಹತ್ತಿ ನಮ್ಮ ಕಾನೂನು ಪುಸ್ತಕಗಳವರೆಗೂ ಬರುತ್ತಿತ್ತು. ನಮಗೆ ರೂಢಿಯಾಗಿತ್ತು. ಹೊಸಬರು ಮಾತ್ರ ಸೀನುತ್ತ ಕೆಮ್ಮುತ್ತ ಕಥೆ ಹೇಳಬೇಕಾಗುತ್ತಿತ್ತು. ಅರ್ಧ ಜನ ಅಳುತ್ತಲೇ ಹೇಳುವುದರಿಂದ ಎಲ್ಲರೂ ನಿರಪರಾಧಿಗಳಂತೆಯೇ ಕಾಣುತ್ತಿದ್ದರು.

ಒಮ್ಮೆ ಬೆಂಗಳೂರಿನಿಂದ ತನಿಖೆಯ ದೊಡ್ಡ ಅಧಿಕಾರಿಯೊಬ್ಬರು ಬಂದರು. ಸಫಾರಿ ಸೂಟು, ಕೆಳಗೆ ಜೀಪು, ಮುಖದ ಮೇಲೆ ನಗುವಿನ ಸುಳಿವೂ ಇಲ್ಲ. ನಮ್ಮ ಕಕ್ಷಿದಾರರಾದ ಒಬ್ಬ ಇಂಜಿನಿಯರರ ವಿಷಯ ಕೇಳುವುದಿತ್ತು. ಪೇಟೆಯೆಲ್ಲ ಕೆಲಸ ನಿಲ್ಲಿಸಿ ಜೀಪು ನೋಡುತ್ತ ನಿಂತಿತು. ‘ಇವತ್ತ ಸಾಹೇಬ್ರದು ಮುಗೀತು’ ಎಂದು ಹಮಾಲರೇ ಮಾತಾಡಿಕೊಂಡರಂತೆ.

ಅಧಿಕಾರಿ ಕೂತು ಮೊದಲ ಪ್ರಶ್ನೆಗೆ ಬಾಯಿ ತೆರೆದದ್ದೂ, ಕೆಳಗೆ ಲಾರಿಯ ಚೀಲವೊಂದು ಬಿದ್ದು ಒಡೆದದ್ದೂ ಒಂದೇ ಹೊತ್ತಿಗೆ. ಘಾಟು ನೇರ ಅವರ ಗಂಟಲಿಗೇ ಹೋಯಿತು. “ನಿಮ್ಮ ಕಕ್ಷಿದಾರರು…” ಎಂದವರು ಮುಂದೆ ಹೇಳಲಾರದೆ ಹೋದರು. ಕಣ್ಣಲ್ಲಿ ನೀರು, ಮೂಗಿನಲ್ಲಿ ನೀರು. ಸಾಹೇಬರು ಮಾತ್ರ ಏನೂ ಆಗದವರಂತೆ, “ನೀರು ಕುಡೀರಿ, ಆರಾಮ ಕುಂದರ್ರಿ,” ಎಂದು ಉಪಚರಿಸಿದರು. ಅಧಿಕಾರಿ ಮೂರು ಸಲ ಪ್ರಯತ್ನ ಮಾಡಿ, ಕೊನೆಗೆ ಕರವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತ, ಬಿಕ್ಕಿದಂತೆ ಕೆಮ್ಮುತ್ತ ಮೆಟ್ಟಿಲಿಳಿದು ಜೀಪು ಹತ್ತಿದರು. ಪೇಟೆಯೆಲ್ಲ ಕಣ್ಣರಳಿಸಿ ನೋಡಿತು.

ಸಂಜೆಯೊಳಗೆ ಸುದ್ದಿ ಊರು ದಾಟಿತು. “ಸಾಹೇಬ್ರು ಜೋರು ಏನೂ ಮಾಡಲಿಲ್ಲಂತ. ಬರೇ ಕಾಯ್ದೆ ಓದಿ ಹೇಳಿದ್ರಂತ. ಅಂವಾ ಗಳಗಳ ಅತ್ತ ಬಿಟ್ಟನಂತ.” ಮರುದಿನದಿಂದ ನನಗೆ ಬೆಂಚಿನ ಮೇಲೂ ಜಾಗ ಸಿಗದಷ್ಟು ಕಕ್ಷಿದಾರರು ಬಂದರು.

ಇದನ್ನೆಲ್ಲ ಕೇಳಿ ಪಾಪ, ಕೆಳಗಿನ ವ್ಯಾಪಾರಿಗೆ ನಾಚಿಕೆಯಾಯಿತು. ಕೈ ಮುಗಿದುಕೊಂಡು ಮೇಲೆ ಬಂದರು.

“ಸಾಹೇಬ್ರ, ನಮ್ಮಿಂದ ನಿಮಗ ಭಾಳ ತ್ರಾಸ ಆತು. ಚೀಲ ಎಲ್ಲಾ ಊರ ಹೊರಗ ಮಚ್ಛೆ ಕಡೆ ಗೋದಾಮಿಗೆ ಒಯ್ದು ಹಾಕತೀನಿ.”

ಸಾಹೇಬರು ಕುರ್ಚಿಯಿಂದ ಎದ್ದೇ ನಿಂತರು.

“ಹಂಗ ಮಾತ್ರ ಮಾಡಬ್ಯಾಡ್ರೀ ಯಪ್ಪಾ! ನೀವು ಹೋದ್ರ ನನ್ನ ಅರ್ಧಾ ವಕೀಲಿಕಿ ನಿಮ್ಮ ಬೆನ್ನ ಹತ್ತಿ ಹೊಕ್ಕೈತಿ.”

ಮಾವನವರ ಕೋರ್ಟು

ಈ ನಡುವೆ ನನಗೊಂದು ಕನ್ಯೆ ನೋಡಿದರು. ಖಾನಾಪುರದ ಹಂಚಿನ ವ್ಯಾಪಾರಿಯ ಮಗಳು. ನಾನು ಹೊಸ ಕೋಟು ಹಾಕಿಕೊಂಡು, ಸೋದರಮಾವನನ್ನು ಕರೆದುಕೊಂಡು ಹೋದೆ. “ಶರಣ್ರಿ, ಬರ್ರಿ, ಕುಂದರ್ರಿ,” ಎಂದು ಹುಡುಗಿಯ ತಂದೆ ಪ್ರೀತಿಯಿಂದಲೇ ಕೂರಿಸಿದರು. ಅವಲಕ್ಕಿ ಬಂತು. ಆಮೇಲೆ ಪಾಟೀಸವಾಲು ಸುರುವಾಯಿತು.

“ನೀವು ಸಾಹೇಬ್ರ ಕಡೆ ಇದ್ದೀರಿ ಅಂದ್ರಿ. ಚಲೋ ಆತು. ಅಲ್ಲೆ ಎಲ್ಲಿ ಕುಂದರತೀರಿ?”

ನಾನು ಇಂಥ ಪ್ರಶ್ನೆ ನಿರೀಕ್ಷಿಸಿರಲಿಲ್ಲ. “ಸಾಹೇಬರ ಎದುರಿಗೇ,” ಎಂದೆ.

“ಅದಲ್ರೀ. ಬೆಂಚೋ, ಕುರ್ಚಿಯೋ?”

ಆ ಕುರ್ಚಿಯ ಸುದ್ದಿ ಖಾನಾಪುರದವರೆಗೂ ಬಂದಿದೆ ಎಂದು ನನಗೆ ಆಗಲೇ ಗೊತ್ತಾದದ್ದು. “ಸದ್ಯಕ್ಕೆ ಬೆಂಚು,” ಎಂದೆ.

ಚಹಾ ತಂದ ಹುಡುಗಿ ತಟ್ಟೆ ಇಡುತ್ತ ಮೆಲ್ಲಗೆ ಕೇಳಿದಳು: “ಬೆನ್ನ ನೋಯಂಗಿಲ್ಲೇನ್ರಿ?”

ಒಳಗಿನಿಂದ ಹೆಂಗಸರ ನಗು ಕೇಳಿಸಿತು. ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಮದುವೆಯಾದರೆ ಇವಳನ್ನೇ ಎಂದು ಅಲ್ಲೇ ತೀರ್ಮಾನ ಮಾಡಿಬಿಟ್ಟೆ. ಆದರೆ ತೀರ್ಪು ಕೊಡುವವರು ಬೇರೆ ಇದ್ದರು. ಅವರು ನಮ್ಮನ್ನು ಬಾಗಿಲವರೆಗೆ ಕಳಿಸಿ ಹೇಳಿದರು: “ಹುಡುಗಿಗೆ ಏನೂ ಅವಸರಿಲ್ಲ. ಕುರ್ಚಿ ಸಿಕ್ಕ ಮ್ಯಾಲೆ ಬರ್ರಿ, ತಾರೀಖ ಹಿಡಿಯೂಣು.”

ಅಂದಿನಿಂದ ಆ ಸಾಗವಾನಿ ಕುರ್ಚಿ ಬರೀ ಕುರ್ಚಿಯಾಗಿ ಉಳಿಯಲಿಲ್ಲ. ಅದರಲ್ಲಿ ಕೂರದೆ ನನಗೆ ಸಂಸಾರವೇ ಇಲ್ಲ. ಈ ಸಂಕಟವನ್ನು ಸಾಹೇಬರ ಮುಂದೆ ತೋಡಿಕೊಂಡೆ. ಅವರು ಕಡತದಿಂದ ತಲೆಯನ್ನೂ ಎತ್ತಲಿಲ್ಲ.

“ವಕೀಲಗ ತಾರೀಖ ಮುಂದ ಹೋದ್ರ ಅಳತಾರೇನೋ? ನಾವು ಉಳದವರಿಗೆ ಮಾಡೂದು ಅದನ್ನ.”

ಭಜಿ ಅಂಗಡಿಯ ಪಂಚ

ಖಾನಾಪುರ ಕೋರ್ಟಿನ ಎದುರಿಗೆ ಒಂದು ಚಹಾ-ಭಜಿಯ ಅಂಗಡಿ. ಅದರ ಯಜಮಾನ ಊರಿಗೆಲ್ಲ ಪಂಚ. ಪೊಲೀಸರು ದಾಳಿ ಮಾಡಿದಾಗ ‘ನಾನು ಕಣ್ಣಾರೆ ಕಂಡೆ’ ಎಂದು ಪಂಚನಾಮೆಗೆ ಸಹಿ ಹಾಕುವ ಸಾಕ್ಷಿ ಬೇಕಲ್ಲ, ಆ ಕೆಲಸ ಈತನದು. ಕೋರ್ಟಿಗೆ ಹತ್ತಿರ, ಠಾಣೆಗೂ ಹತ್ತಿರ, ಸಹಿಯೂ ಚೆಂದ.

ಸಾಗವಾನಿ ಕಳವಿನ ಕೇಸೊಂದರಲ್ಲಿ ಸಾಹೇಬರು ಆತನನ್ನು ಹಿಡಿದರು.

“ಕಣಕುಂಬಿ ಕಾಡಿನ್ಯಾಗ ಕಟಗಿ ಹಿಡದಾಗ ನೀನು ಅಲ್ಲೇ ಇದ್ದಿ?”

“ಇದ್ದೆರಿ.”

“ಅದ ದಿವಸ, ಅದ ಹೊತ್ತಿನ್ಯಾಗ, ಇಲ್ಲೆ ರೇಲ್ವೆ ಸ್ಟೇಶನ್ ಬಾಜೂಕ ಜೂಜು ಹಿಡದಾರ. ಅದಕ್ಕೂ ನಿಂದ ಸಹಿ ಐತಿ. ಅಲ್ಲೂ ಇದ್ದಿ?”

“ಇದ್ದೆರಿ.”

“ಕಣಕುಂಬಿ ಎಲ್ಲೆ, ಸ್ಟೇಶನ್ ಎಲ್ಲೆ? ಒಂದ ಹೊತ್ತಿಗೆ ಎರಡೂ ಕಡೆ ಹೆಂಗ ಇದ್ದೀಯಪ್ಪಾ? ಖರೇ ಹೇಳು.”

ಪಂಚ ಸ್ವಲ್ಪ ಯೋಚಿಸಿ ಮನಸ್ಸು ಹಗುರ ಮಾಡಿಕೊಂಡ. “ಖರೇ ಹೇಳಬೇಕಂದ್ರ ಎರಡೂ ಕಡೆ ಇರಲಿಲ್ರಿ. ಅಂಗಡ್ಯಾಗ ಭಜಿ ಕರೀತಿದ್ದೆ.”

ಕೋರ್ಟು ನಕ್ಕಿತು. ಸರ್ಕಾರಿ ವಕೀಲರು ಗದರಿದರು. ನ್ಯಾಯಾಧೀಶರೂ ಗದರಿದರು. ಎಲ್ಲರೂ ಗದರಿದ್ದಕ್ಕೆ ಪಂಚನಿಗೆ ಬೇಸರವಾಯಿತು.

“ಎಲ್ಲಾರೂ ನನಗ ಬೈತೀರಿ. ಹೋದ ವರ್ಷ ಸಾಹೇಬ್ರ ತ್ವಾಟದ ಮನ್ಯಾಗ ಕಳವಾದಾಗ ಪಂಚ ಯಾರಿದ್ದರ್ರೀ? ನಾನ. ಆವಾಗ ಸಾಹೇಬ್ರು ‘ಎಲ್ಲಿದ್ದಿ’ ಅಂತ ಕೇಳಲಿಲ್ಲ. ‘ಸಹಿ ಮಾಡು, ಹೋಗಿ ನಾಕ ಪ್ಲೇಟ್ ಭಜಿ ಕಳಸು’ ಅಂದ್ರು.”

ನ್ಯಾಯಾಧೀಶರು ಕನ್ನಡಕ ಕೆಳಗಿಳಿಸಿ ಸಾಹೇಬರನ್ನು ನೋಡಿದರು. ಬೇರೆ ವಕೀಲರಾಗಿದ್ದರೆ ನೆಲ ನೋಡುತ್ತಿದ್ದರು. ಸಾಹೇಬರು ಎದೆ ಸೆಟೆಸಿ ಹೇಳಿದರು:

“ಸಾಕ್ಷಿ ಹೇಳಿದ್ದು ಖರೇ ಐತಿ ಮಹಾಸ್ವಾಮಿ. ಆ ಪಂಚನಾಮಾದ ಮ್ಯಾಲೆ ನನ್ನ ಮನಿ ಕಳ್ಳ ಖುಲಾಸೆ ಆದ. ಈ ಕಳ್ಳಗ ಯಾಕ ಬ್ಯಾರೆ ನ್ಯಾಯ?”

ಗುಲಾಬಿ ಮೀಸೆ

ಲಂಚದ ಬಲೆ ಹೇಗಿರುತ್ತದೆಂದರೆ, ನೋಟಿಗೆ ಒಂದು ಬಿಳಿ ಪುಡಿ ಸವರಿ ಕಳಿಸುತ್ತಾರೆ. ನೋಟು ಮುಟ್ಟಿದವನ ಬೆರಳನ್ನು ಸೋಡಾ ಕಲಸಿದ ನೀರಿನಲ್ಲಿ ಅದ್ದಿದರೆ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ಅವನ ನೌಕರಿ ಮುಗಿದಂತೆ. ಇಂಥ ಬಲೆಗೆ ಬಿದ್ದ ಒಬ್ಬ ಗುಮಾಸ್ತನ ಕೇಸು ನಮ್ಮಲ್ಲಿಗೆ ಬಂತು. “ನಾ ನೋಟ ಮುಟ್ಟೇ ಇಲ್ಲರೀ. ಇನ್‌ಸ್ಪೆಕ್ಟರು ಓಡಿ ಬಂದು ನನ್ನ ಎರಡೂ ಕೈ ಗಪ್ಪನ ಹಿಡಕೊಂಡ್ರು. ಪುಡಿ ಅವರ ಕೈಯಿಂದನ ಹತ್ತೈತಿ,” ಎಂಬುದು ಆತನ ಮಾತು.

ಆ ಇನ್‌ಸ್ಪೆಕ್ಟರು ಅಂದರೆ ಊರೇ ತಿರುಗಿ ನೋಡುವ ಬಿಳಿ ಮೀಸೆಯವರು. ಸಾಕ್ಷಿ ಕಟ್ಟೆಯಲ್ಲಿ ಅದನ್ನು ತೀಡಿಕೊಂಡೇ ಮಾತಾಡುತ್ತಿದ್ದರು.

“ನೋಟಿಗೆ ಪುಡಿ ಹಚ್ಚಿದವರು ನೀವ. ನಿಮ್ಮ ಕೈಗೆ ಪುಡಿ ಉಳೀಲಿಲ್ಲೇನ್ರಿ?” ಸಾಹೇಬರು ಕೇಳಿದರು.

“ಒಂದು ಕಣಾನೂ ಉಳಿಯಂಗಿಲ್ಲ. ನಾವು ಅಷ್ಟು ಸ್ವಚ್ಛ ಒರಸಕೋತೀವಿ.”

“ಹೆಂಗ ಅಂತ ಕೋರ್ಟಿಗೆ ಒಂದೀಟು ತೋರಸ್ರಿ.”

ಇನ್‌ಸ್ಪೆಕ್ಟರು ಹುರುಪಿನಿಂದ ಶೀಶೆ ತೆರೆದು ಬಿಳಿ ಹಾಳೆಗೆ ಪುಡಿ ಸವರಿದರು, ಕರವಸ್ತ್ರದಿಂದ ಕೈ ಒರೆಸಿಕೊಂಡರು, ಎರಡೂ ಅಂಗೈಯನ್ನು ನ್ಯಾಯಾಧೀಶರಿಗೆ ಎತ್ತಿ ತೋರಿಸಿದರು. ಏನೂ ಕಾಣಲಿಲ್ಲ. ಸರ್ಕಾರಿ ವಕೀಲರು ನಮ್ಮ ಕಡೆ ನೋಡಿ ನಕ್ಕರು. ಅಷ್ಟಕ್ಕೆ ಊಟದ ಬಿಡುವಾಯಿತು.

ಹೊರಗೆ ಹುಣಸೆಮರದ ಕೆಳಗೆ ಸಾಹೇಬರು ಇನ್‌ಸ್ಪೆಕ್ಟರ ಹೆಗಲ ಮೇಲೆ ಕೈ ಹಾಕಿ, “ಕೋರ್ಟಿನ ಮಾತು ಕೋರ್ಟಿಗೆ ಇರಲಿ, ಮನಸಿಗೆ ಹಚ್ಚಿಕೋಬ್ಯಾಡ್ರಿ,” ಎನ್ನುತ್ತ ಕಿಸೆಯಿಂದ ತಂಬಾಕಿನ ಚೀಲ, ಸುಣ್ಣದ ಡಬ್ಬಿ ತೆಗೆದುಕೊಟ್ಟರು. ಇನ್‌ಸ್ಪೆಕ್ಟರಿಗೆ ಬಹಳ ಖುಷಿಯಾಯಿತು. ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಾಕಿ ಹೆಬ್ಬೆರಳಿನಿಂದ ಚೆನ್ನಾಗಿ ತಿಕ್ಕಿ, ತುಟಿಯ ಸಂದಿಗೆ ಇಟ್ಟುಕೊಂಡು, ಅಭ್ಯಾಸದಂತೆ ಮೀಸೆಯನ್ನು ಎರಡೂ ಕಡೆ ತೀಡಿದರು.

ಸೋಡಾ ನೀರು ಮಾಡುವ ಕೆಲಸವನ್ನು ಹಸಿ ಸುಣ್ಣವೂ ಮಾಡುತ್ತದೆ ಎಂಬುದು ಆ ಕ್ಷಣ ಅವರಿಗೆ ಹೊಳೆಯಲಿಲ್ಲ.

ಕೋರ್ಟು ಮತ್ತೆ ಕೂತಿತು. ನ್ಯಾಯಾಧೀಶರು ಗಾಬರಿಯಾದರು. “ಇನ್‌ಸ್ಪೆಕ್ಟರೇ, ಬಾಯಿಗೆ ಪೆಟ್ಟು ಬಿತ್ತೇ?” ಇಲ್ಲ ಎನ್ನಲು ಅವರು ಕೈ ಎತ್ತಿದರು. ಅಂಗೈ ಗುಲಾಬಿ, ಹೆಬ್ಬೆರಳು ಗುಲಾಬಿ, ಊರು ಮೆಚ್ಚಿದ ಬಿಳಿ ಮೀಸೆಯ ಎರಡೂ ತುದಿ ಕಡುಗುಲಾಬಿ. ಗುಮಾಸ್ತ ಕೂಡ ತನ್ನ ಸಂಕಟ ಮರೆತು ನಕ್ಕ. ಕೇಸು ಅಲ್ಲಿಗೇ ಬಿತ್ತು.

ಆಫೀಸಿಗೆ ನಡೆದು ಬರುವಾಗ ನನಗೊಂದು ಅನುಮಾನ. ನಿತ್ಯ ಇಷ್ಟಲಿಂಗ ಪೂಜೆ ಮಾಡುವ, ಅಡಿಕೆ ಚೂರನ್ನೂ ಬಾಯಿಗೆ ಹಾಕದ ಮನುಷ್ಯ ನಮ್ಮ ಸಾಹೇಬರು.

“ಸಾಹೇಬ್ರ, ನೀವು ತಂಬಾಕು ಯಾವಾಗ ಸುರು ಮಾಡಿದ್ರಿ?”

“ಇವತ್ತ ಮುಂಜಾನೆ ಸುರು ಮಾಡಿದ್ನೋ, ಮಧ್ಯಾಹ್ನ ಬಿಟ್ಟೆ.”

ಕರಿಕೋಟು, ಕರಿ ಎಮ್ಮೆ

ಪಾಟೀಸವಾಲಿನಲ್ಲಿ ಹುಲಿ ಎಂದು ಹೆಸರಾದ ಸಾಹೇಬರ ನಿಜವಾದ ಅಸ್ತ್ರ ಬೇರೆಯೇ ಇತ್ತು. ಸಾಕ್ಷಿ ಸತ್ಯ ಹೇಳಿದ್ದಾನೆ ಅನ್ನಿಸಿತೋ, ಅರ್ಧ ಎದ್ದು, “ಪಾಟೀಸವಾಲು ಇಲ್ಲ,” ಎಂದು ಕೂತುಬಿಡುತ್ತಿದ್ದರು. ವರ್ಷದಲ್ಲಿ ಅಪರೂಪಕ್ಕೆ ಕೇಳುವ ಮಾತು ಅದು. ಕೇಳಿದ ದಿನ ಬಾರ್ ರೂಮಿನಲ್ಲಿ ಅದೇ ಚರ್ಚೆ.

ಒಮ್ಮೆ ಎಮ್ಮೆ ಕಳವಿನ ಕೇಸು. ಇಬ್ಬರು ಆರೋಪಿಗಳು. ಒಬ್ಬನಿಗೆ ಸಾಹೇಬರು, ಇನ್ನೊಬ್ಬನಿಗೆ ದೊಡ್ಡ ದನಿಯ ಬೇರೊಬ್ಬ ವಕೀಲರು. ಎಮ್ಮೆಯ ಒಡತಿಯಾದ ಅಜ್ಜಿ ಬಂದು, ‘ಸಂತ್ಯಾಗ ನೋಡಿದೆ, ನಮ್ಮ ಎಮ್ಮೀನ ಅದು’ ಎಂದು ಸಾಕ್ಷಿ ಹೇಳಿದಳು.

“ಪಾಟೀಸವಾಲು ಇಲ್ಲ,” ಎಂದರು ಸಾಹೇಬರು.

ದೊಡ್ಡ ದನಿಯವರು ಬಿಡಲಿಲ್ಲ. ಕೋಟಿನ ಗುಂಡಿ ಹಾಕಿಕೊಂಡು ಎದ್ದರು. “ಅಜ್ಜೀ, ಎಮ್ಮಿ ಎಲ್ಲಾ ಕರ್ರಗ ಇರತಾವು. ಸಂತ್ಯಾಗ ಅಷ್ಟು ಎಮ್ಮಿ ನಿಂತಾಗ ಇದ ನಿನ್ನ ಎಮ್ಮಿ ಅಂತ ಹೆಂಗ ಗುರ್ತ ಹಿಡದಿ?”

ಅಜ್ಜಿ ಕೋರ್ಟಿನ ತುಂಬ ಕೂತ ನಮ್ಮನ್ನೆಲ್ಲ ಒಮ್ಮೆ ಸಾವಕಾಶ ನೋಡಿದಳು.

“ನೀವೂ ಎಲ್ಲಾರೂ ಕರೀ ಕೋಟ ಹಾಕ್ಕೊಂಡ ಸಾಲಾಗಿ ಕುಂತೀರಿ. ನಿಮ್ಮ ಹೇಣ್ತಿ ಇಲ್ಲಿಗೆ ಬಂದ್ರ, ನಿಮ್ಮನ್ನ ಬಿಟ್ಟು ಬಾಜೂದವರ ಕೈ ಹಿಡಕೊಂಡ ಹೊಕ್ಕಾಳೇನೋ ತಮ್ಮಾ?”

ಕಣಕುಂಬಿಯ ಹೆಂಡತಿ

ಕೊನೆಗೂ ನನ್ನ ಸರದಿ ಬಂತು. ಗೋವಾ ಗಡಿಯ ಕಣಕುಂಬಿ ಹತ್ತಿರದ ಹಳ್ಳಿಯ ಸೋಮಣ್ಣ ಎಂಬ ಎಮ್ಮೆ ಕಾಯುವ ಹುಡುಗ. ಮದುವೆಯಾಗಿ ವರ್ಷವಾಗಿತ್ತು. ಅರಣ್ಯ ಇಲಾಖೆಯಲ್ಲಿ ಕಾವಲುಗಾರನ ನೌಕರಿಗೆ ಆಯ್ಕೆಯಾಗಿದ್ದ. ಅಷ್ಟರಲ್ಲಿ ಗೋವಾದಿಂದ ಕದ್ದು ಸರಾಯಿ ತಂದ ಎಂದು ಅವನ ಮೇಲೆ ಕೇಸು. ಶಿಕ್ಷೆಯಾದರೆ ನೌಕರಿ ಹೋಯಿತು. ಅವರ ವಂಶದಲ್ಲೇ ಮೊದಲ ಸಂಬಳದ ನೌಕರಿ ಅದು.

“ಇದನ್ನ ನೀ ನಡಸು,” ಎಂದರು ಸಾಹೇಬರು. “ನಾ ಹಿಂದ ಕುಂದರತೀನಿ. ಬಾಯಿ ತೆಗಿಯಂಗಿಲ್ಲ.”

ಖಾನಾಪುರ ಕೋರ್ಟು ಅವತ್ತು ತುಂಬಿತ್ತು. ಹಂಚಿನ ವ್ಯಾಪಾರಿಯೂ ‘ಸುಮ್ಮನೆ’ ಬಂದು ಮೂಲೆಯಲ್ಲಿ ನಿಂತಿದ್ದರು. ದಾಳಿಯ ಮುಖ್ಯಸ್ಥರು ಸಾಕ್ಷಿ ಹೇಳಿದರು: ಕಾಡಿನ ದಾರಿಯಲ್ಲಿ ಒಬ್ಬ ಡಬ್ಬಿ ಹೊತ್ತು ಬರುತ್ತಿದ್ದ, ಹಿಂದೆ ಒಬ್ಬ ಹೆಂಗಸು. ನಮ್ಮನ್ನು ಕಂಡು ಡಬ್ಬಿ ಬಿಸಾಡಿ ಇಬ್ಬರೂ ಓಡಿದರು, ಸಿಗಲಿಲ್ಲ. ಆದರೆ ಹೆಂಗಸು ‘ಏ ಸೋಮ್ಯಾ, ಓಡೋ! ಓಡೋ ಸೋಮ್ಯಾ!’ ಎಂದು ಕೂಗಿದಳು. ಆ ಹೆಸರು ಹಿಡಿದು ಹಳ್ಳಿಗೆ ಹೋಗಿ ಈತನನ್ನು ಹಿಡಿದೆವು. ಇಡೀ ಕೇಸು ನಿಂತದ್ದು ಆ ಒಂದು ಕೂಗಿನ ಮೇಲೆ.

ನಾನು ಎದ್ದೆ.

“ಆ ಹೆಂಗಸು ಯಾರು?”

“ಆರೋಪಿಯ ಹೆಂಡತಿ.”

“ಖಾತ್ರಿಯೇ?”

“ಖಾತ್ರಿ.”

“ಗಂಡನನ್ನು ಹೆಸರು ಹಿಡಿದೇ ಕೂಗಿದಳೇ?”

“ಈ ಎರಡೂ ಕಿವಿಯಿಂದ ಕೇಳೀನಿ.”

ನಾಲಿಗೆಯ ತುದಿಗೆ ಇನ್ನೊಂದು ಪ್ರಶ್ನೆ ಬಂದಿತ್ತು. ಕರಿ ಎಮ್ಮೆಯ ಅಜ್ಜಿ ನೆನಪಾದಳು. ಬಾಯಿ ಮುಚ್ಚಿಕೊಂಡು ಕೂತೆ.

ಮುಂದೆ ನಮ್ಮ ಸಾಕ್ಷಿಯಾಗಿ ಸೋಮಣ್ಣನ ಹೆಂಡತಿಯನ್ನು ಕಟ್ಟೆಗೆ ಕರೆಸಿದೆ. ಒಂದೇ ಪ್ರಶ್ನೆ ಕೇಳುವುದಿತ್ತು. “ತಂಗೀ, ನಿನ್ನ ಗಂಡನ ಹೆಸರೇನು?”

ಆಕೆ ಸೆರಗು ತಲೆಯ ಮೇಲೆ ಎಳೆದುಕೊಂಡು ನೆಲ ನೋಡಿದಳು. ನನಗೆ ಬೇಕಾದದ್ದು ಅದೇ. ನಮ್ಮ ಕಡೆ ಯಾವ ಹೆಂಗಸು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಾಳೆ? ಆದರೆ ಒಂದು ವಿಷಯ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ನ್ಯಾಯಾಧೀಶರು ಹೊಸಬರು, ಬೆಂಗಳೂರಿನ ಹಾಸ್ಟೆಲುಗಳಲ್ಲೇ ಬೆಳೆದವರು, ಇನ್ನೂ ಮದುವೆಯಾಗದವರು.

“ಹೇಳಮ್ಮ, ಕೋರ್ಟಿನಲ್ಲಿ ಹೇಳಲೇಬೇಕು.”

“ಅಯ್ಯ, ಅದನ್ನ ಹೆಂಗ ಹೇಳಲಿರೀ? ಅಲ್ಲೆ ನಿಂತಾರಲ್ಲರೀ, ಅವರ.”

ಸರ್ಕಾರಿ ವಕೀಲರು ಜಿಗಿದೆದ್ದರು. “ಮಹಾಸ್ವಾಮಿ, ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ! ಈಕೆ ಅವನ ಹೆಂಡತಿಯೇ ಅಲ್ಲ. ಯಾರನ್ನೋ ಕರೆತಂದು ನಿಲ್ಲಿಸಿದ್ದಾರೆ.”

ನ್ಯಾಯಾಧೀಶರು ತಲೆಯಾಡಿಸಿ ಪೆನ್ನು ತೆಗೆದರು. “ಹೆಸರು ಹೇಳದಿದ್ದರೆ ಈಕೆಯ ಸಾಕ್ಷ್ಯವನ್ನು ನಾನು ನಂಬುವ ಹಾಗಿಲ್ಲ.” ಸೋಮಣ್ಣನ ನೌಕರಿ, ನನ್ನ ಕುರ್ಚಿ, ಬೆನ್ನು ನೋವಿನ ಬಗ್ಗೆ ಕೇಳಿದ ಆ ಹುಡುಗಿ, ಎಲ್ಲವೂ ಒಬ್ಬ ಹೆಣ್ಣುಮಗಳ ನಾಚಿಕೆಗೆ ಸಿಕ್ಕಿಬಿದ್ದಿತ್ತು. ಹಿಂದೆ ತಿರುಗಿ ನೋಡಿದೆ. ಸಾಹೇಬರು ತುಟಿ ಬಿಗಿದು ಫ್ಯಾನು ನೋಡುತ್ತಿದ್ದರು.

“ಮಹಾಸ್ವಾಮಿ,” ಎಂದೆ, “ಸಾಕ್ಷಿಗೆ ಒಡಪು ಹಾಕಿ ಹೇಳಲು ಅಪ್ಪಣೆಯಾಗಬೇಕು.”

“ಒಡಪು? ಅದು ಯಾವ ಕಾಯ್ದೆ?”

“ಈ ಸೀಮೆಯ ಹೆಂಗಸರ ಕಾಯ್ದೆ. ಮದುವೆಯಲ್ಲಿ, ಕುಬುಸದಲ್ಲಿ ಬಳಗದವರು ಬಿಡದೆ ಕಾಡಿದಾಗ ಪ್ರಾಸ ಕಟ್ಟಿ, ಅದರೊಳಗೆ ಇಟ್ಟು ಗಂಡನ ಹೆಸರು ಹೇಳುತ್ತಾರೆ. ಬರೀ ಹೆಸರನ್ನು ಯಾವ ಕಾರಣಕ್ಕೂ ಹೇಳುವುದಿಲ್ಲ.”

ಆಕೆಯ ಮುಖ ಅರಳಿತು. “ಹಂಗಾದ್ರ ಹೇಳತೀನ್ರಿ.” ಮೊದಲು ಸೆರಗು ಸರಿ ಮಾಡಿಕೊಂಡಳು. ಆಮೇಲೆ ಗಂಟಲು ಸರಿ ಮಾಡಿಕೊಂಡಳು. ಆಮೇಲೆ ಕಾಗದಕ್ಕೆ ಠಸ್ಸೆ ಹೊಡೆಯುತ್ತಿದ್ದ ಗುಮಾಸ್ತನ ಕಡೆ ತಿರುಗಿ, “ಗದ್ದಲ ಮಾಡಬ್ಯಾಡ್ರೀ ಅಣ್ಣಾರ,” ಎಂದಳು. ಆತ ಕೈ ನಿಲ್ಲಿಸಿದ. ಕೋರ್ಟೆಲ್ಲ ನಿಶ್ಶಬ್ದವಾದ ಮೇಲೆ ರಾಗವಾಗಿ ಹೇಳಿದಳು:

“ಕಣಕುಂಬಿ ಗುಡ್ಡದಾಗ ಕವಳೀಯ ಹಣ್ಣ,
ಮಲಪ್ರಭಾ ತಾಯಿಗೆ ಮಂಜೀನ ಬಣ್ಣ,
ಎಮ್ಮಿ ಮೇಸಿ ಬಂದ್ರ ಮೈತುಂಬ ಮಣ್ಣ,
ಕೈಕಾಲ ತೊಳಕೊಂಡ ಬರ್ರಿ ಅಂದ್ರ ನಗತಾರ ನಮ್ಮ ಸೋಮಣ್ಣ!”

ಬಾಗಿಲಲ್ಲಿ ನಿಂತ ಹೆಂಗಸರು “ಭಲೇ!” ಎಂದರು. ಕಟಕಟೆಯಲ್ಲಿ ಸೋಮಣ್ಣ ಕೆಂಪಾಗಿ, ಖರೇನೇ ನಕ್ಕ. ಬರೆದುಕೊಳ್ಳುತ್ತಿದ್ದವರಿಗೆ ಪೂರ್ತಿ ಸಿಗಲಿಲ್ಲವೆಂದು ಆಕೆ ಮೊದಲಿನಿಂದ ಇನ್ನೊಮ್ಮೆ ಹೇಳಿದಳು, ಈ ಸಲ ಇನ್ನೂ ಸಾವಕಾಶ.

ಮಾತು ಈಗ ತಾನಾಗಿ ಬಂತು.

“ಮಹಾಸ್ವಾಮಿ, ತಾವೇ ನೋಡಿದಿರಿ. ಪೊಲೀಸರು ಬೆನ್ನು ಹತ್ತಿದ್ದಾರೆ, ಗಂಡ ಓಡಬೇಕು. ಈಕೆ ಮೊದಲು ಸೆರಗು ಸರಿ ಮಾಡಿಕೊಂಡು, ಗಂಟಲು ಸರಿ ಮಾಡಿಕೊಂಡು, ಕಾಡಿನ ಗದ್ದಲ ನಿಲ್ಲಿಸಿ, ಕವಳಿ ಹಣ್ಣಿನಿಂದ ಸುರು ಮಾಡಬೇಕು. ‘ಸೋಮಣ್ಣ, ಓಡ್ರಿ’ ಎನ್ನುವಷ್ಟರಲ್ಲಿ ಇವರು ಅವನನ್ನು ಹಿಡಿದು, ಪಂಚನಾಮೆ ಮುಗಿಸಿ, ಚಹಾ ಕುಡಿದಿರುತ್ತಿದ್ದರು. ಆ ಮನುಷ್ಯ ತಪ್ಪಿಸಿಕೊಂಡ ಎನ್ನುವುದೇ ಸಾಕ್ಷಿ. ಕೂಗಿದವಳು ಅವನ ಹೆಂಡತಿಯಲ್ಲ, ಓಡಿದವನು ಸೋಮಣ್ಣನಲ್ಲ.”

ಕೋರ್ಟು ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ಹಿಂದಿನ ಸಾಲಿನಿಂದ ಒಂದು ನಗು ಬಂತು. ಯಾರದೆಂದು ನೋಡಬೇಕಾಗಿರಲಿಲ್ಲ. ನ್ಯಾಯಾಧೀಶರು ನಗು ತಡೆದು ಸರ್ಕಾರಿ ವಕೀಲರನ್ನು ಕೇಳಿದರು: “ನಿಮಗೆ ಮದುವೆಯಾಗಿದೆಯಲ್ಲ? ನಿಮ್ಮ ಮನೆಯವರು ನಿಮ್ಮನ್ನು ಹೆಸರು ಹಿಡಿದು ಕರೆಯುತ್ತಾರೆಯೇ?”

ಸರ್ಕಾರಿ ವಕೀಲರು ಖಾನಾಪುರದವರೇ. ದನಿ ತಗ್ಗಿಸಿ ಹೇಳಿದರು: “ಇಲ್ಲ ಮಹಾಸ್ವಾಮಿ. ‘ಇಲ್ಲೆ ಕೇಳ್ರಿ’ ಅಂತಾಳ.”

ಮುಂದಿನ ತಾರೀಖಿಗೆ ಸೋಮಣ್ಣ ಖುಲಾಸೆಯಾದ. ನೌಕರಿಗೆ ಸೇರಿದ ಮೇಲೆ ಖಾಕಿ ಹಾಕಿಕೊಂಡು ಬಂದು, ನನಗೊಂದು ಬುಟ್ಟಿ ಕವಳಿ ಹಣ್ಣು ಕೊಟ್ಟು ಹೋದ.

ಕುರ್ಚಿಯ ತೀರ್ಪು

ಸೋಮಣ್ಣ ಖುಲಾಸೆಯಾದ ದಿನವೇ ಆಫೀಸಿಗೆ ಬಂದು ಕುರ್ಚಿಯ ತೋಳಿಗೆ ಕೈ ಹಾಕಿದೆ.

“ತಡಿ,” ಎಂದರು ಸಾಹೇಬರು. “ಕರಾರು ಏನಿತ್ತು? ನಾ ಬಾಯಿ ತೆಗೀಬಾರದು. ನಾ ಕೋರ್ಟಿನ್ಯಾಗ ನಕ್ಕೇನಿ. ಬಾಯಿ ಮುಚ್ಚಿಕೊಂಡು ಯಾರರ ನಗತಾರೇನು?”

ಜಿಲ್ಲೆಯ ಅತಿ ದೊಡ್ಡ ವಕೀಲರು ನನ್ನ ವಿರುದ್ಧ ನಿಂತಿದ್ದರು. ಆದರೂ ಅವತ್ತು ನಾನು ಯಾರಿಗೂ ಅಂಜುವ ಸ್ಥಿತಿಯಲ್ಲಿರಲಿಲ್ಲ.

“ನೀವು ನಕ್ಕಿದ್ದು ಕೋರ್ಟಿನ ದಾಖಲಿಗೆ ಬಂದಿಲ್ಲ ಸಾಹೇಬ್ರ. ದಾಖಲಿನ್ಯಾಗ ಇಲ್ಲದ್ದು ನಡದೇ ಇಲ್ಲ ಅಂತ ನನಗ ಕಲಿಸಿದವರು ನೀವ.”

ಸಾಹೇಬರು ಎದ್ದು, ತಮ್ಮ ಕರವಸ್ತ್ರದಿಂದ ಕುರ್ಚಿಯ ಧೂಳು ತಾವೇ ಒರೆಸಿದರು. ನಾನು ಕೂತೆ. ಕೆಳಗೆ ಚೀಲ ಇಳಿಯಿತು, ಘಾಟು ಬಂತು, ಕಣ್ಣಲ್ಲಿ ನೀರು ತುಂಬಿತು. “ರೂಢಿ ಆಗಿಲ್ಲೇನೋ ಇನ್ನೂ?” ಎಂದು ಸಾಹೇಬರು ಕೇಳಿದರು. ರೂಢಿಯಾಗಿ ವರ್ಷಗಳೇ ಆಗಿದ್ದವು. ಅದು ಮೆಣಸಿನಕಾಯಿಯ ನೀರಾಗಿರಲಿಲ್ಲ.

ಹಂಚಿನ ವ್ಯಾಪಾರಿ ಮಾತಿಗೆ ತಪ್ಪಲಿಲ್ಲ, ತಾರೀಖು ಹಿಡಿದರು. ಮದುವೆ ಮುಗಿದು ಹೆಣ್ಣು ಮನೆ ತುಂಬುವಾಗ ನಮ್ಮ ಅಕ್ಕಂದಿರು ಬಾಗಿಲಿಗೆ ಅಡ್ಡ ನಿಂತರು. “ಹೆಸರು ಹೇಳಿ ಒಳಗ ಬಾ.” ಅಂಗಳದ ಚಪ್ಪರದಲ್ಲಿ ಎದುರಿನ ಸಾಲಿನಲ್ಲೇ ಸಾಹೇಬರು ರುಮಾಲು ಸುತ್ತಿಕೊಂಡು ಕೂತಿದ್ದರು. ನಾನು ಗೆದ್ದ ವಕೀಲನ ಠೀವಿಯಲ್ಲಿ ನಿಂತಿದ್ದೆ. ಅವಳು ಒಂದಿಷ್ಟೂ ತಡವರಿಸಲಿಲ್ಲ:

“ರವಿವಾರ ಪೇಟ್ಯಾಗ ಮೆಣಸಿನಕಾಯಿ ಘಾಟ,
ಖಾನಾಪುರ ಕೋರ್ಟಿನ್ಯಾಗ ಗೆದ್ದ ಬಂದ್ರು ಆಟ,
ಕುರ್ಚಿ ಐತೆಂತ ಮನ್ಯಾಗ ನಡಿಯಂಗಿಲ್ಲ ಥಾಟ,
ಶಿವಾನಂದ ವಕೀಲರ, ಬೆಂಚಿನ ಮ್ಯಾಲೆ ಕುಂತ ಮಾಡ್ರಿ ಊಟ!”

ಚಪ್ಪರವೆಲ್ಲ ಹೋ ಎಂದಿತು. ನಾನು ದಿಕ್ಕು ತೋಚದೆ ಸಾಹೇಬರ ಕಡೆ ತಿರುಗಿದೆ. ಇಷ್ಟು ವರ್ಷ ಎಂಥೆಂಥ ಸಾಕ್ಷಿಗಳನ್ನು ಮುರಿದವರು, ನನ್ನ ಪರವಾಗಿ ಒಂದಾದರೂ ಪ್ರಶ್ನೆ ಕೇಳಿಯಾರು ಎಂಬ ಆಸೆಯಿಂದ.

ಸಾಹೇಬರು ರುಮಾಲು ಸರಿಮಾಡಿಕೊಂಡು, ಕೂತಲ್ಲಿಂದ ಅರ್ಧ ಎದ್ದರು.

“ಪಾಟೀಸವಾಲು ಇಲ್ಲ.”